ಯಾವುದರ ಪಾವಲಿ?

ಪಾವಲಿ ಅಂದರೇನು ಎಂದು ಕೇಳಿದ್ದೀಯಲ್ಲ ತಂಗಿ, ನಿಘಂಟು ತೆಗೆದರೆ ಅದು ಒಂದೇ ಸಾಲಿನಲ್ಲಿ ಮುಗಿಯುತ್ತದೆ: ರೂಪಾಯಿಯ ಕಾಲು ಭಾಗದ ನಾಣ್ಯ, ನಾಲ್ಕಾಣೆ. ನಾನು ಒಂದು ಸಾಲಿನಲ್ಲಿ ಮುಗಿಸುವ ಮನುಷ್ಯನಲ್ಲ ಎನ್ನುವುದು ನಿನಗೆ ಗೊತ್ತೇ ಇದೆ. ಊರ ಸೊಸೈಟಿಯಲ್ಲಿ ಕಿರ್ದಿ, ಖತಾವಣಿ ಬರೆಯುತ್ತ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ನಿನಗೆ ಈಗ ನೌಕರಿ ಸಿಕ್ಕಿದೆ, ತಿಂಗಳಿಗೊಮ್ಮೆ ಪಗಾರ ಬರುತ್ತದೆ, ಬೆಂಗಳೂರಿನಲ್ಲಿ ಖರ್ಚು ಮಾಡಿದರೆ ಯಾಕೆ ಎಂದು ಕೇಳುವವರೂ ಇಲ್ಲ. ಹಾಗಾಗಿ ಈ ಸತ್ತ ನಾಣ್ಯದ ಕಥೆಯನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಬೇಸರ ಬಂದರೆ ನಡುವೆ ಎದ್ದು ಚಹಾ ಮಾಡಿಕೊಂಡು ಬಾ.

ಪಾವಲಿ ನಮ್ಮ ಕಡೆಗೆ ಮರಾಠಿಯ ಹಾದಿಯಲ್ಲಿ ಬಂದ ಮಾತು. ಮರಾಠಿಯವರಿಗೆ ಎಂಟಾಣೆ ಅಧೇಲಿ, ನಾಲ್ಕಾಣೆ ಪಾವಲಿ, ಎರಡಾಣೆ ಚವಲಿ. ತೆಲುಗರಿಗೆ ಅದು ಪಾವಲಾ. ಹಿಂದಿಯವರಿಗೆ ಚವನ್ನಿ. ಚವನ್ನಿಯೊಳಗೆ ಒಂದು ಎಣಿಕೆ ಇದೆ, ಚಾರ್ ಆಣೆ. ಪಾವಲಿಯೊಳಗೆ ಎಣಿಕೆಯೇ ಇಲ್ಲ. ಅದರ ಬೇರು ಪಾವ್, ಅದರ ಹಿಂದೆ ಸಂಸ್ಕೃತದ ಪಾದ, ಅಂದರೆ ನಾಲ್ಕು ಕಾಲಿನ ಪ್ರಾಣಿಯ ಒಂದು ಕಾಲು. ನಾವೂ ನಡೆಯುವುದಕ್ಕೆ ಕಾಲು ಅನ್ನುತ್ತೇವೆ, ನಾಲ್ಕರಲ್ಲಿ ಒಂದು ಪಾಲಿಗೂ ಕಾಲು ಅನ್ನುತ್ತೇವೆ. ನಿನ್ನ ಅಜ್ಜಿ ಅಕ್ಕಿ ಅಳೆಯುವ ಪಾವು ಇದೇ ಮನೆತನದ್ದು, ಸೇರಿನ ಕಾಲು ಭಾಗ. ಚವನ್ನಿ ಎಂದವನು ನಾಲ್ಕು ಎಣಿಸಿದ. ಪಾವಲಿ ಎಂದವನು ಮೊದಲು ಒಂದು ಇಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅದನ್ನು ಎರಡು ಸಲ ಮಡಿಚಿದ. ಆದ್ದರಿಂದ ಪಾವಲಿ ಎನ್ನುವ ಮಾತು ಕಿವಿಗೆ ಬಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವುದರ ಪಾವಲಿ?’ ಎಂದು. ನಾನು ಹೇಳಬೇಕಾದ ಬುದ್ಧಿಮಾತೂ ಇಷ್ಟೇ. ಮಿಕ್ಕದ್ದು, ಈ ಪ್ರಶ್ನೆ ಕೇಳದವರು ಎಲ್ಲೆಲ್ಲಿ ಪೆಟ್ಟು ತಿಂದರು ಎನ್ನುವ ಕಥೆ.

ಮಡಿಚಿ ಎಣಿಸುವುದು ಈ ನೆಲಕ್ಕೆ ಮರಾಠರಿಂದ ಬಂದದ್ದೇನಲ್ಲ. ಹಳೆಗನ್ನಡದ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸ ಎಂದು ಸಾಲಾಗಿ ಬರುತ್ತವೆ. ಹಾಗ ಅಂದರೆ ಪಣದ ಕಾಲು. ವೀಸ ಅಂದರೆ ಹದಿನಾರರಲ್ಲಿ ಒಂದು. ರೂಪಾಯಿಗೆ ಹದಿನಾರಾಣೆ ಎಂದು ಬಂದಾಗ ನಮ್ಮವರಿಗೆ ಅದು ಹೊಸ ಪಾಠ ಅನ್ನಿಸಿರಲಾರದು. ಹದಿನಾರನ್ನು ಮಡಿಚಿದರೆ ಎಂಟು, ಮತ್ತೆ ಮಡಿಚಿದರೆ ನಾಲ್ಕು, ಎರಡು, ಒಂದು. ಅಕ್ಷರ ಬಾರದವಳೂ ಸಂತೆಯಲ್ಲಿ ಕೂತು ಇಷ್ಟು ಮಾಡಬಲ್ಲಳು. ಆಣೆಯನ್ನು ಒಡೆದರೆ ನಾಲ್ಕು ಪೈಸೆ ಅಥವಾ ಹನ್ನೆರಡು ಪೈ. ಒಟ್ಟು ರೂಪಾಯಿಗೆ 64 ಪೈಸೆ, 192 ಪೈ. ಈ 192 ಎನ್ನುವುದು ಹುಚ್ಚು ಸಂಖ್ಯೆಯಂತೆ ಕಾಣುತ್ತದೆ. ಆದರೆ ಮೂವರು ಅಣ್ಣತಮ್ಮಂದಿರಿಗೆ ಒಂದು ರೂಪಾಯಿ ಹಂಚಬೇಕು ಅನ್ನು, ತಲೆಗೆ ಐದಾಣೆ ನಾಲ್ಕು ಪೈ, ಚೂರೂ ಉಳಿಯುವುದಿಲ್ಲ, ಜಗಳವೂ ಇಲ್ಲ. ನಿನ್ನ ನೂರು ಪೈಸೆಯನ್ನು ಮೂವರಿಗೆ ಹಂಚಿ ನೋಡು.

ರಾಜರು ನಾಣ್ಯಕ್ಕೆ ಚೆಂದದ ಹೆಸರಿಡುತ್ತಾರೆ, ಜನ ತಮಗೆ ಬೇಕಾದದ್ದನ್ನು ಕರೆಯುತ್ತಾರೆ. ಟಿಪ್ಪು ಸುಲ್ತಾನ ತನ್ನ ಬೆಳ್ಳಿ ನಾಣ್ಯಗಳಿಗೆ ಒಂದೊಂದಕ್ಕೂ ಹೆಸರು ಕೊಟ್ಟ. ಎರಡು ರೂಪಾಯಿಯದು ಹೈದರಿ, ರೂಪಾಯಿ ಇಮಾಮಿ, ಅರ್ಧ ಆಬಿದಿ, ಕಾಲು ರೂಪಾಯಿ ಬಾಖಿರಿ, ಅದರರ್ಧ ಜಾಫರಿ. ಬಹುಪಾಲು ಇಮಾಮರ ನೆನಪಿನ ಹೆಸರುಗಳು. ಇವತ್ತು ನಾಣ್ಯ ಸಂಗ್ರಹಿಸುವವರನ್ನು ಬಿಟ್ಟರೆ ಬಾಖಿರಿ ಎಂದರೆ ಯಾರಿಗೂ ತಿಳಿಯುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಮೈಸೂರಿನ ಕಾಲು ರೂಪಾಯಿ ಇತ್ತು. ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿತು. ಆಮೇಲೆ ಕಂಪನಿಯ ರೂಪಾಯಿಯೇ ಗತಿ.

ಕಂಪನಿ ಸರ್ಕಾರ 1835ರಲ್ಲಿ ತನ್ನ ಆಳ್ವಿಕೆಯ ಊರುಗಳಿಗೆಲ್ಲ ಒಂದೇ ರೂಪಾಯಿ ಮಾಡಿತು. ತೂಕ 180 ಗ್ರೇನು, ಅಂದರೆ ಸರಿಯಾಗಿ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಪಾವಲಿ ಅದರ ನಾಲ್ಕನೇ ಒಂದು, ಮೂರು ಗ್ರಾಮಿಗೆ ಕೊಂಚ ಕಡಿಮೆ. ಇಲ್ಲಿ ಒಂದು ಸೊಗಸು ನೋಡು. ರೂಪಾಯಿ ಒಂದು ತೊಲ ಆದ್ದರಿಂದ ಪಾವಲಿ ಕಾಲು ತೊಲ. ಐದು ರೂಪಾಯಿ ಇಟ್ಟರೆ ಒಂದು ಚಟಾಕು, ಎಂಬತ್ತು ಇಟ್ಟರೆ ಒಂದು ಸೇರು. ತಕ್ಕಡಿಯ ಕಲ್ಲು ಕಳೆದರೆ ಅಕ್ಕಸಾಲಿಗನಿಗೆ ನಾಣ್ಯವೇ ಕಲ್ಲು. ದುಡ್ಡು, ತೂಕ ಎರಡೂ ಒಂದೇ ಮೂಲದಿಂದ ಹೊರಟಿದ್ದ ಕಾಲ ಅದು. ರೂಪಾಯಿಯನ್ನು ಕಟ್ಟೆಯ ಕಲ್ಲಿಗೆ ಬಡಿದು ದನಿ ಕೇಳಿ ಒಳಗೆ ಹಾಕಿಕೊಳ್ಳುತ್ತಿದ್ದರು. ಲಂಬಾಣಿ ಹೆಂಗಸರು ರೂಪಾಯಿ, ಪಾವಲಿಗಳನ್ನು ಪೋಣಿಸಿ ಕೊರಳಿಗೆ ಹಾಕಿಕೊಂಡರು, ಉಡುಪಿಗೆ ಹೊಲಿದುಕೊಂಡರು. ಜನ ಅದನ್ನು ಬರೀ ಶೋಕಿ ಎಂದು ನೋಡಿದರು. ನಾನು ಅದನ್ನು ಬ್ಯಾಂಕು ಎಂದೇ ಲೆಕ್ಕ ಹಾಕುತ್ತೇನೆ. ಗಂಡ ಕೈ ಹಾಕುವ ಮೊದಲು ಊರಿಗೆಲ್ಲ ಕಾಣುವಂಥ ಬ್ಯಾಂಕು.

ಆ ಬ್ಯಾಂಕಿನ ಯಜಮಾನಿಯರಿಗೆ ಸರ್ಕಾರ ಮಾಡಿದ್ದು ಬೇಗ ಗೊತ್ತಾಗಿರಬೇಕು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂತು. 1919ರಲ್ಲಿ ಎಂಟು ಮೂಲೆಯ ನಾಲ್ಕಾಣೆ ಬಂತು, ತಾಮ್ರ ನಿಕ್ಕಲ್ ಬೆರಕೆಯದು. ಬೆಳ್ಳಿಯ ಗಂಧವೂ ಇಲ್ಲ. ಕೆಲವೇ ವರ್ಷಗಳಲ್ಲಿ ಮತ್ತೆ ಬೆಳ್ಳಿ ಪಾವಲಿಗೆ ಮರಳಿದರು. ಎರಡನೇ ಯುದ್ಧ ಬಂದಾಗ ಇನ್ನೂ ಜಾಣರಾಗಿದ್ದರು. 1940ರಲ್ಲಿ ಆಕಾರ, ಗಾತ್ರ, ದೊರೆಯ ತಲೆ ಎಲ್ಲವನ್ನೂ ಹಾಗೇ ಇಟ್ಟು ಬೆಳ್ಳಿಯನ್ನು ಮಾತ್ರ ಅರ್ಧಕ್ಕೆ ಇಳಿಸಿದರು. ಮೊದಲು ಕೈ ಹಾಕಿದ್ದು ಪಾವಲಿಗೇ, ಅರ್ಧ ರೂಪಾಯಿ, ರೂಪಾಯಿಯ ಸರದಿ ಅದೇ ವರ್ಷ ಆಮೇಲೆ ಬಂತು. ಹೆಸರು ಪಾವಲಿಯೇ, ಸಂತೆಯಲ್ಲಿ ನಡೆಯುವುದೂ ನಾಲ್ಕಾಣೆಗೇ, ಒಳಗೆ ಅರ್ಧ ಹೋಗಿದೆ. ನಾಣ್ಯದ ದನಿ ಬಲ್ಲವರು ಹಳೆಯದನ್ನು ಗಡಿಗೆಗೆ ಹಾಕಿ ಹೊಸದನ್ನು ಖರ್ಚು ಮಾಡಿದರು. 1946ರ ಹೊತ್ತಿಗೆ ಬೆಳ್ಳಿಯ ಸುದ್ದಿಯೇ ಇಲ್ಲ, ಪೂರ್ತಿ ನಿಕ್ಕಲ್, ಒಂದು ಮಗ್ಗುಲಿಗೆ ನಡೆಯುವ ಹುಲಿ. ನಾನು ಬುದ್ಧಿ ಬಂದಮೇಲೆ ಕೈಯಲ್ಲಿ ಹಿಡಿದದ್ದು ಈ ಹುಲಿ ಪಾವಲಿ, ಮತ್ತೆ 1950ರ ನಂತರ ಬಂದ ಸಿಂಹಮುದ್ರೆ, ಗೋಧಿ ತೆನೆಯ ಪಾವಲಿ. ಸಾರ್ನಾಥದ ಸಿಂಹ ಬಂದು ದೊರೆಯ ತಲೆ ಹೋದದ್ದು ನಮ್ಮಂಥ ಹುಡುಗರಿಗೆ ದೊಡ್ಡ ಸಂಗತಿ. ಅಂಗಡಿಯವನಿಗೆ ಎರಡೂ ಒಂದೇ.

ಈಗ ನಮ್ಮ ಊರಿನ ಕಡೆಯ ಮಾತಿಗೆ ಬರುತ್ತೇನೆ, ಇದು ನಿನಗೆ ಶಾಲೆಯಲ್ಲಿ ಯಾರೂ ಹೇಳಿರಲಾರರು. ಗದಗು ಮುಂಬಯಿ ಪ್ರಾಂತ್ಯದಲ್ಲಿತ್ತು, ಪಕ್ಕದ ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿ. ನಿಜಾಮರಿಗೆ ತಮ್ಮದೇ ರೂಪಾಯಿ, ಚಾರ್‌ಮಿನಾರಿನ ಚಿತ್ರದ್ದು, ಹಾಲಿ ಸಿಕ್ಕಾ ಎಂದು ಹೆಸರು. ಬ್ರಿಟಿಷರ ರೂಪಾಯಿಗೆ ಆ ಸೀಮೆಯವರು ಕಲ್ದಾರ್ ಅನ್ನುತ್ತಿದ್ದರು, ಯಂತ್ರದಲ್ಲಿ ಅಚ್ಚಾದದ್ದು ಎಂಬ ಅರ್ಥದಲ್ಲಿ. ಹಾಲಿ ಏಳು ರೂಪಾಯಿಗೆ ಕಲ್ದಾರ್ ಆರು. ನೂರು ಕಲ್ದಾರ್ ಬೇಕಿದ್ದರೆ ಹಾಲಿಯಲ್ಲಿ 116 ರೂಪಾಯಿ 10 ಆಣೆ 8 ಪೈ ಎಣಿಸಬೇಕು. ಎರಡು ಕಡೆಯೂ ರೂಪಾಯಿಗೆ ಹದಿನಾರಾಣೆ, ಎರಡು ಕಡೆಯೂ ನಾಲ್ಕಾಣೆಯ ನಾಣ್ಯ. ಆದರೆ ಕೊಪ್ಪಳದ ನಾಲ್ಕಾಣೆ ಗಡಿ ದಾಟಿದ ಕೂಡಲೇ ಮೂರೂವರೆ ಆಣೆಗೂ ಚೂರು ಕಡಿಮೆ. ದನದ ಸಂತೆಗೆ, ಹತ್ತಿಯ ಪೇಟೆಗೆ ಹೋಗುವವನು ದರ ಕೇಳಿದರೆ ಸಾಲದು. ಹಾಲಿಯೋ ಕಲ್ದಾರೋ ಎಂದೂ ಕೇಳಬೇಕು. ನಾನು ‘ಯಾವುದರ?’ ಎಂದದ್ದು ಇದನ್ನೇ. ಗಡಿ ಅಳಿಸಿಹೋಗಿದೆ, ಹಾಲಿ ಹೋಗಿದೆ, ಪ್ರಶ್ನೆ ಹೋಗಿಲ್ಲ.

ನಾಣ್ಯ ಬಿಟ್ಟು ಹೊಲಕ್ಕೂ ಆಣೆ ನಡೆದುಹೋಯಿತು. ಮುಂಗಾರು ಚೆನ್ನಾಗಿ ಆದರೆ ಹದಿನಾರಾಣೆ ಬೆಳೆ, ಅರ್ಧ ಬಂದರೆ ಎಂಟಾಣೆ. ಕಂದಾಯದವರು ಇದಕ್ಕೆ ಆಣೆವಾರಿ ಅಂದರು. ಮುಂಬಯಿ ಪ್ರಾಂತ್ಯದ ನಿಯಮದ ಪ್ರಕಾರ ಬೆಳೆ ನಾಲ್ಕಾಣೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ರೈತ ಆ ವರ್ಷದ ಕಂದಾಯವನ್ನು ಪೂರ್ತಿ ಮುಂದೂಡಿ ಎಂದು ಕೇಳಬಹುದಿತ್ತು. 1918ರಲ್ಲಿ ಗುಜರಾತಿನ ಖೇಡಾದಲ್ಲಿ ಗಾಂಧೀಜಿ ಸತ್ಯಾಗ್ರಹ ಮಾಡಿದ್ದು ಈ ನಾಲ್ಕಾಣೆಯ ಮೇಲೆ. ಅಧಿಕಾರಿಗಳು ಬೆಳೆ ನಾಲ್ಕಾಣೆಗಿಂತ ಹೆಚ್ಚು ಬಂದಿದೆ ಅಂದರು. ರೈತರು ಅಷ್ಟಿಲ್ಲ ಅಂದರು. ಕೂತು ಯೋಚಿಸು ತಂಗಿ, ಹೊಲದಲ್ಲಿ ನಿಂತ ಪೈರು ಒಂದೇ, ಎರಡು ಉತ್ತರ ಹೇಗೆ ಬಂದವು? ಬೆಳೆದದ್ದು ಎಷ್ಟು ಎನ್ನುವುದರ ಜಗಳ ಅರ್ಧ. ಇನ್ನರ್ಧ, ಹದಿನಾರಾಣೆ ಬೆಳೆ ಎಂದರೆ ಎಷ್ಟು ಎನ್ನುವುದರ ಜಗಳ. ಇಡಿಯನ್ನು ಚಿಕ್ಕದು ಮಾಡಿ ಬರೆದರೆ ಇದ್ದ ಕಾಳೇ ನಾಲ್ಕಾಣೆಗಿಂತ ಮೇಲೆ ಹೋಗುತ್ತದೆ. ಲೆಕ್ಕ ಬರೆಯುವವನ ಕೈಯಲ್ಲಿ ಇಡಿ ಇದ್ದರೆ ಪಾಲಿನ ಮಾತು ಅವನೇ ಆಡಿದಂತೆ. ವಲ್ಲಭಭಾಯಿ ಪಟೇಲರು ಗಾಂಧೀಜಿಯ ಜೊತೆ ಊರೂರು ತಿರುಗಿದ್ದು ಆಗಲೇ.

ಅದೇ ನಾಲ್ಕಾಣೆ ಎರಡು ವರ್ಷದ ಮೇಲೆ ಬೇರೆ ಕೆಲಸಕ್ಕೆ ಬಂತು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಸದಸ್ಯತ್ವಕ್ಕೆ ವರ್ಷಕ್ಕೆ ನಾಲ್ಕಾಣೆ ಎಂದು ಗೊತ್ತುಮಾಡಿದರು. ವಕೀಲನಿಗೂ ಅಷ್ಟೇ, ನೇಕಾರನಿಗೂ ಅಷ್ಟೇ. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಅಧಿವೇಶನ ನಡೆಯಿತು, ಗಾಂಧೀಜಿ ಅಧ್ಯಕ್ಷರಾಗಿದ್ದದ್ದು ಅದೊಂದಕ್ಕೇ. ಅಲ್ಲಿ ಚಂದಾ ಬದಲಿಸಿದರು: ನಾಲ್ಕಾಣೆಯ ಜಾಗದಲ್ಲಿ ತಿಂಗಳಿಗೆ 2000 ಗಜ ಕೈನೂಲು. ಕೊಟ್ಟು ಮರೆಯುವ ದುಡ್ಡಿಗಿಂತ ದಿನವೂ ಕೂತು ನೂಲುವ ಬೆವರು ಮೇಲು ಎಂಬ ಹಟ. ಮುಂದಿನ ವರ್ಷವೇ ನಾಲ್ಕಾಣೆಗೂ ಮತ್ತೆ ಬಾಗಿಲು ತೆರೆಯಬೇಕಾಯಿತು. ನನ್ನನ್ನು ಕೇಳಿದರೆ, ಪಕ್ಷ ನಡೆಸುವುದಕ್ಕೆ ನಾಲ್ಕಾಣೆಯೇ ಸರಿ. ಎಲ್ಲರೂ ನೂಲಲಾರರು. 1934ರಲ್ಲಿ ಗಾಂಧೀಜಿ ಕಾಂಗ್ರೆಸ್ ಬಿಟ್ಟಮೇಲೆ ‘ಅವರು ನಾಲ್ಕಾಣೆ ಸದಸ್ಯರೂ ಅಲ್ಲ’ ಎಂಬ ಮಾತು ಚಾಲ್ತಿಗೆ ಬಂತು. ನಾಲ್ಕಾಣೆ ಕೊಡದವರ ಮಾತನ್ನೇ ಪಕ್ಷವೆಲ್ಲ ಕೇಳುತ್ತಿತ್ತು ಎನ್ನುವುದು ಬೇರೆ.

1957ರ ಏಪ್ರಿಲ್ 1ಕ್ಕೆ ಹೊಸ ಪೈಸೆ ಬಂತು. ಕಾಯ್ದೆ ಎರಡು ವರ್ಷ ಮೊದಲೇ ಆಗಿತ್ತು. ರೂಪಾಯಿಗೆ ಇನ್ನು ನೂರು ನಯಾ ಪೈಸೆ. ಊರಲ್ಲಿ ಎಂಥ ಗೊಂದಲ ಅಂತೀಯ! ಒಂದಾಣೆಗೆ ಆರೂಕಾಲು ಪೈಸೆ ಬರುತ್ತದೆ, ಆ ಕಾಲಿಗೆ ನಾಣ್ಯವಿಲ್ಲ. ಸರ್ಕಾರ ಒಂದು ಪಟ್ಟಿ ಅಚ್ಚು ಹಾಕಿಸಿ ಅಂಗಡಿ, ಅಂಚೆ ಕಚೇರಿಗಳಿಗೆಲ್ಲ ಕೊಟ್ಟಿತು. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಹುಡುಗರಿಗೆ ಅದರ ಸಂದು ತಕ್ಷಣ ತಿಳಿಯಿತು. ಒಂದೊಂದಾಣೆಯ ಸಾಮಾನನ್ನು ನಾಲ್ಕು ಸಲ ಬೇರೆ ಬೇರೆಯಾಗಿ ಕೊಂಡರೆ 24 ಪೈಸೆ, ಒಟ್ಟಿಗೆ ಕೊಂಡರೆ 25. ಅಂಗಡಿಯವನಿಗೂ ತಿಳಿಯಿತು. ಮೂರಾಣೆಯದನ್ನು ನಾಲ್ಕು ಸಲ ಮಾರಿದರೆ ಅವನಿಗೆ 76, ಒಟ್ಟಿಗೆ ಮಾರಿದರೆ 75. ಈ ಕಚ್ಚಾಟದ ನಡುವೆ ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ ಮಾತ್ರ ಚೂರೂ ಅಲುಗಾಡಲಿಲ್ಲ. 25, 50, 75, ಸರಿಯಾಗಿ. ನಿನ್ನ ಅಪ್ಪನ ಪೀಳಿಗೆಯವರು ಆಣೆಯ ಮುಖವನ್ನೇ ನೋಡದಿದ್ದರೂ ನಾಲ್ಕಾಣೆ, ಎಂಟಾಣೆ ಎನ್ನುತ್ತ ಬೆಳೆದದ್ದು ಇದಕ್ಕೇ. ಐದಾಣೆ, ಏಳಾಣೆ ಎನ್ನುವವರು ಕೆಲವೇ ವರ್ಷಗಳಲ್ಲಿ ಇಲ್ಲವಾದರು. ಇಡಿ ಬದಲಾದಾಗ ಸರಿಯಾಗಿ ಮಡಿಚಿಕೊಳ್ಳುವ ಪಾಲು ಉಳಿಯಿತು, ಮಿಕ್ಕವು ಹೋದವು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. 1964ರಲ್ಲಿ ನಯಾ ಎಂಬ ಮಾತು ನಾಣ್ಯದಿಂದ ಬಿತ್ತು. ಎಪ್ಪತ್ತರ ದಶಕದಲ್ಲಿ ನಿಕ್ಕಲ್ ಹೋಗಿ ಬೆರಕೆ ಬಂತು, 1988ರಿಂದ ಘೇಂಡಾಮೃಗದ ಚಿತ್ರದ ಉಕ್ಕಿನ 25 ಪೈಸೆ. 2011ರ ಜೂನ್ 30ಕ್ಕೆ ಅದರ ಚಲಾವಣೆಯೂ ನಿಂತಿತು. ಎಂಟಾಣೆ ಕಾನೂನಿನ ಪ್ರಕಾರ ಇನ್ನೂ ಜೀವಂತ, ಹತ್ತು ರೂಪಾಯಿಯ ತನಕ ಐವತ್ತು ಪೈಸೆಯಲ್ಲೇ ಕೊಡಬಹುದು. ಕೊಟ್ಟು ನೋಡು, ಅಂಗಡಿಯವನು ನಿನ್ನನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಚಿಲ್ಲರೆಗೆ ಬದಲು ಪೆಪ್ಪರಮಿಂಟು ಕೊಡುವ ಚಾಳಿ ಶುರುವಾದದ್ದನ್ನು ನಾನು ಯಾವತ್ತೂ ಒಪ್ಪಲಿಲ್ಲ. ಅದೇ ಪೆಪ್ಪರಮಿಂಟನ್ನು ನಾನು ವಾಪಸು ಕೊಟ್ಟರೆ ಅವನು ತಗೊಳ್ಳುತ್ತಾನೆಯೇ?

ನಾಣ್ಯ ಸವೆದಂತೆ ಮಾತೂ ಸವೆಯಿತು. ಬೆಳ್ಳಿಯಿದ್ದಾಗ ಪಾವಲಿ ಗೌರವದ ಮಾತು. ಕೊಳ್ಳುವ ಶಕ್ತಿ ಹೋದಮೇಲೆ ಬೈಗುಳ. ಹಿಂದಿಯಲ್ಲಿ ಚವನ್ನಿ ಛಾಪ್ ಎಂದರೆ ಕವಡೆ ಕಿಮ್ಮತ್ತಿಲ್ಲದವನು. ನಮ್ಮಲ್ಲಿ ಯಾರಿಗಾದರೂ ಬುದ್ಧಿ ಸ್ವಲ್ಪ ಮಂದ ಎನ್ನುವುದಕ್ಕೆ ‘ನಾಲ್ಕಾಣೆ ಕಮ್ಮಿ’ ಎಂದು ನಗುತ್ತಾರೆ. ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕೂರುವವರ ಜಾಗಕ್ಕೆ ಗಾಂಧಿ ಕ್ಲಾಸು ಎಂದು ಹೆಸರು. ರಾಜಕುಮಾರ್ ತೆರೆಗೆ ಬಂದಾಗ ಚಿಲ್ಲರೆ ತೂರಿ ಸಿಳ್ಳೆ ಹಾಕುತ್ತಿದ್ದವರು ಅವರೇ. ಕುರ್ಚಿಯವರು ತಿರುಗಿ ನೋಡಿ ಮೂಗು ಮುರಿಯುತ್ತಿದ್ದರು. ಸಿನಿಮಾ ಓಡುತ್ತಿದ್ದದ್ದು ಆ ನೆಲದವರ ದುಡ್ಡಿನಿಂದ. ‘ಚಾರಾಣೆ ಕೋಳಿಗೆ ಬಾರಾಣೆ ಮಸಾಲೆ’ ಎಂಬ ಗಾದೆಯನ್ನು ನೀನೂ ಆಡುತ್ತೀಯ, ಅದು ಒಳ್ಳೆಯ ಗಾದೆ, ಅದರಲ್ಲಿ ಲೆಕ್ಕ ಇದೆ. ನಾಲ್ಕೂ ಹನ್ನೆರಡೂ ಸೇರಿದರೆ ಹದಿನಾರು, ಪೂರ್ತಿ ರೂಪಾಯಿ ಒಂದು ಸಾರಿಗೆ ಹೋಯಿತು. ಮದುವೆ ಮಾಡುವವರು ಅದನ್ನು ಗೋಡೆಗೆ ಬರೆದು ಇಟ್ಟುಕೊಳ್ಳಬೇಕು. ಆದರೆ ಮನುಷ್ಯನನ್ನು ನಾಲ್ಕಾಣೆ ಅನ್ನುವುದು ಬಿಡು ತಂಗಿ. ನಿನ್ನ ಆಫೀಸಿನಲ್ಲಿ ಯಾರೋ ನಿನಗಿಂತ ನಿಧಾನ, ಯಾರದೋ ಇಂಗ್ಲಿಷು ಸರಿಯಿಲ್ಲ. ಅವರನ್ನು ಪಾಲಿನಲ್ಲಿ ಅಳೆಯುವ ಮುಂಚೆ ಹದಿನಾರಾಣೆ ಮನುಷ್ಯ ಅಂತ ನೀನು ಯಾರನ್ನು ಇಟ್ಟುಕೊಂಡಿದ್ದೀಯ ಎಂದು ಕೇಳಿಕೋ. ಅಲ್ಲೂ ಇಡಿಯನ್ನು ಬರೆದವನು ಯಾರೋ ಒಬ್ಬನಿರುತ್ತಾನೆ.

ಸತ್ತಿದೆ ಎಂದುಕೊಂಡ ಆಣೆ ಒಂದು ಕಡೆ ಇನ್ನೂ ಬದುಕಿದೆ, ಅದು ನಿನಗೆ ಬೇಕಾಗುತ್ತದೆ. ನಮ್ಮ ಹೊಲದ ಉತಾರ ತೆಗೆದು ನೋಡು, ಕಚೇರಿಯವರು ಪಹಣಿ ಅನ್ನುವ ಕಾಗದ. ವಿಸ್ತೀರ್ಣದಲ್ಲಿ ಎಕರೆ, ಗುಂಟೆ ಆದಮೇಲೆ ಆಣೆ ಬರುತ್ತದೆ. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರಾಣೆ. ಎಲ್ಲ ಕಂಪ್ಯೂಟರಿಗೆ ಹೋಗಿದೆ, ಆಣೆ ಹೋಗಿಲ್ಲ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರಡಿ. ಅದರ ನಾಲ್ಕಾಣೆ 272 ಚದರಡಿ, ಹದಿನಾರೂವರೆ ಅಡಿಗೆ ಹದಿನಾರೂವರೆ ಅಡಿಯ ಒಂದು ಕೋಣೆ. ಹೊಲದಲ್ಲಿ ಅಷ್ಟು ನೆಲ ಹೆಚ್ಚುಕಡಿಮೆಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಹೊಲದ ಪಕ್ಕ ರಸ್ತೆ ಬಂದು ಸೈಟು ಬಿದ್ದರೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಆ ಮೂರನೆಯ ಅಂಕಿಯನ್ನು ಓದದೆ ಯಾವ ಕಾಗದಕ್ಕೂ ರುಜು ಹಾಕಬೇಡ. ಇನ್ನೊಂದು. ನನ್ನ ಕಾಲದಲ್ಲಿ ಪಿತ್ರಾರ್ಜಿತ ಹೊಲ ಹಿಸ್ಸೆಯಾಗುವಾಗ ಹೆಣ್ಣುಮಕ್ಕಳ ಹೆಸರಿನ ಮುಂದೆ ಆಣೆ ಬರೆಯುತ್ತಿರಲಿಲ್ಲ. ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಮಗಳಿಗೂ ಮಗನಷ್ಟೇ ಪಾಲು. ‘ಅವಳಿಗೇನು, ಲಗ್ನಕ್ಕೆ ಕೊಟ್ಟಿದ್ದೇವೆ’ ಎಂದು ಹಕ್ಕು ಬಿಟ್ಟ ಕಾಗದ ಮುಂದಿಟ್ಟರೆ, ಹಿರಿಯರು ಎನ್ನುವ ಮರ್ಯಾದೆಗೆ ಕಣ್ಣು ಮುಚ್ಚಿ ರುಜು ಮಾಡಬೇಡ. ಬಿಡುವುದಾದರೆ ತಿಳಿದು ಬಿಡು. ಈ ಮಾತು ನಾನು ಹೇಳಿದೆ ಎಂದು ಮನೆಯಲ್ಲಿ ತಿಳಿದರೆ ಬೈಯುತ್ತಾರೆ, ಬೈಯಲಿ.

ಇನ್ನು ಬಡ್ಡಿ. ಇದಕ್ಕಾಗಿಯೇ ಇಷ್ಟು ದೂರ ಕರೆದುಕೊಂಡು ಬಂದೆ. ನಿನ್ನ ತಮ್ಮ ಬೈಕಿಗೆ ಸಾಲ ತೆಗೆದಿದ್ದಾನಂತೆ, ‘ಒಂದೇ ಪರ್ಸೆಂಟು ಅಜ್ಜಾ’ ಎಂದು ಹಿಗ್ಗಿನಿಂದ ಹೇಳಿದ. ಹಳ್ಳಿಯಲ್ಲಿ ಬಡ್ಡಿ ಮಾತಾಡುವುದು ನೂರಕ್ಕೆ ಇಷ್ಟು ಎಂದು, ಅದೂ ತಿಂಗಳಿಗೆ. ನೂರಕ್ಕೆ ಪಾವಲಿ ಎಂದರೆ ವರ್ಷಕ್ಕೆ ಶೇಕಡಾ 3. ಎಂಟಾಣೆ ಎಂದರೆ 6, ಒಂದು ರೂಪಾಯಿ ಎಂದರೆ 12, ಎರಡು ಎಂದರೆ 24. ಆಂಧ್ರದಲ್ಲಿ 2004ರಲ್ಲಿ ಬಂದ ಸರ್ಕಾರ ಮಹಿಳಾ ಸಂಘಗಳಿಗೆ ಪಾವಲಾ ವಡ್ಡಿ ಎಂಬ ಯೋಜನೆ ಮಾಡಿತು. ಹೆಸರು ಕೇಳಿದ ಕೂಡಲೇ ಅಕ್ಷರ ಬಾರದ ಹೆಂಗಸಿಗೂ ಲೆಕ್ಕ ತಿಳಿಯಿತು: ನೂರಕ್ಕೆ, ತಿಂಗಳಿಗೆ, ಕಾಲು. ಸರ್ಕಾರ ಇಟ್ಟ ಹೆಸರುಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಕಡಿಮೆ. ತಿಂಗಳ ಲೆಕ್ಕವನ್ನು ವರ್ಷದ್ದು ಎಂದು ತಿಳಿದು ಮುಳುಗಿದವರನ್ನು ಸೊಸೈಟಿಯ ಮೇಜಿನ ಈಚೆ ಕೂತು ಎಷ್ಟೋ ನೋಡಿದ್ದೇನೆ. ನಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸುವುದಕ್ಕೆ. ನೂರು ವರ್ಷ ದಾಟಿದರೂ ಪೇಟೆಯಲ್ಲಿ ಮೀಟರ್ ಬಡ್ಡಿ ಇದೆ. ಬೆಳಿಗ್ಗೆ ಒಂಬೈನೂರು ಕೊಟ್ಟು ಸಂಜೆ ಸಾವಿರ ವಸೂಲಿ ಮಾಡುತ್ತಾರೆ. ತರಕಾರಿಯವಳು ‘ನೂರು ರೂಪಾಯಿ ತಾನೆ’ ಅನ್ನುತ್ತಾಳೆ. ಯಾವುದರ ಮೇಲೆ, ಎಷ್ಟು ಹೊತ್ತಿಗೆ ಎಂದು ಕೇಳಿದರೆ ಒಂದೇ ಹಗಲಿಗೆ ಶೇಕಡಾ 11.

ನಿನ್ನ ತಮ್ಮನದು ಇಷ್ಟು ಕೆಟ್ಟದ್ದಿರಲಾರದು. ಆದರೂ ಹೀಗೆ ಯೋಚಿಸು. ಹನ್ನೆರಡು ಸಾವಿರ ಸಾಲ, ಹನ್ನೆರಡು ಕಂತು, ತಿಂಗಳಿಗೆ ಅಸಲು ಒಂದು ಸಾವಿರ, ಬಡ್ಡಿ ನೂರಕ್ಕೆ ಒಂದು ರೂಪಾಯಿ. ಬಡ್ಡಿಯನ್ನು ಪೂರ್ತಿ ಹನ್ನೆರಡು ಸಾವಿರದ ಮೇಲೆ ಹಾಕಿದರೆ ತಿಂಗಳಿಗೆ 120, ವರ್ಷಕ್ಕೆ 1,440. ಉಳಿದ ಅಸಲಿನ ಮೇಲೆ ಮಾತ್ರ ಹಾಕಿದರೆ ಮೊದಲ ತಿಂಗಳು 120, ಆಮೇಲೆ 110, 100, ಹೀಗೆ ಇಳಿಯುತ್ತ ವರ್ಷಕ್ಕೆ 780. ಎರಡಕ್ಕೂ ‘ಒಂದು ಪರ್ಸೆಂಟು’ ಎಂದೇ ಹೆಸರು. ಮೊದಲನೆಯದಕ್ಕೆ ಫ್ಲ್ಯಾಟ್ ರೇಟು ಎಂದು ಅಂಗಡಿಯವರು ಮೆಲ್ಲಗೆ ಹೇಳುತ್ತಾರೆ. ಅರ್ಧ ವರ್ಷದಲ್ಲಿ ಆರು ಸಾವಿರ ತೀರಿಸಿ ಆಗಿದೆ, ತೀರಿಸಿದ ದುಡ್ಡಿಗೂ ಬಡ್ಡಿ ಕೊಡುತ್ತಲೇ ಇರುತ್ತೀಯ. ವರ್ಷವಿಡೀ ಸರಾಸರಿ ನಿನ್ನ ಕೈಯಲ್ಲಿದ್ದದ್ದು ಆರೂವರೆ ಸಾವಿರ, ಅದಕ್ಕೆ 1,440 ಎಂದರೆ ಶೇಕಡಾ 22ರ ಹತ್ತಿರ. 1940ರ ಪಾವಲಿಯಲ್ಲಿ ದೊರೆಯ ತಲೆ ಹಾಗೇ ಇತ್ತು ಎಂದೆನಲ್ಲ, ಇಲ್ಲೂ ಹೆಸರು ಹಾಗೇ ಇದೆ.

ಇದಕ್ಕೆ ಈಗ ಒಂದು ದಾರಿ ಇದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಕ್ಕೆಲ್ಲ ಬ್ಯಾಂಕು, ಫೈನಾನ್ಸು ಕಂಪನಿಗಳು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಒಂದು ಕಾಗದ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಶುಲ್ಕ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಎಂಬುದನ್ನು ಅದರಲ್ಲಿ ಒಂದೇ ಅಂಕಿಯಾಗಿ ಬರೆದಿರಬೇಕು. ಎಪಿಆರ್ ಅನ್ನುತ್ತಾರೆ. ಆ ಕಾಗದ ಸಾಲ ತೆಗೆದುಕೊಳ್ಳುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂದೂ ನಿಯಮವಿದೆ, ಕನ್ನಡದಲ್ಲಿ ಕೊಡಿ ಎಂದು ಕೇಳಲು ನಾಚಿಕೆ ಬೇಡ. ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಸಾಲ ಕೊಡುವವರೂ ಇದಕ್ಕೆ ಹೊರತಲ್ಲ. ಕಾಗದ ಕೊಡದವನ ಹತ್ತಿರ ಸಾಲವನ್ನೂ ಕೇಳಬೇಡ.

ದೀಪಾವಳಿಗೆ ಬರುವಾಗ ತಮ್ಮನಿಗೆ ಆ ಕಾಗದ ತರಲು ಹೇಳು. ಅವನ ಮೊಬೈಲಿನಲ್ಲೇ ಇರಬಹುದು, ಆದರೆ ನನ್ನ ಕಣ್ಣಿಗೆ ಅದು ಆಗುವುದಿಲ್ಲ, ಎಲ್ಲಾದರೂ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟು ಹಾಕಿಸಿ ತರಲಿ. ಕಂತು ಕಟ್ಟಿದ ರಸೀದಿಗಳೂ ಬೇಕು. ನಿನ್ನದೂ ಯಾವುದಾದರೂ ಇದ್ದರೆ ಮುಚ್ಚಿಡಬೇಡ, ಅದನ್ನೂ ತಾ.